ಕಾಸ್ಟಿಕ್ ಓವನ್ ಕ್ಲೀನರ್ ಸ್ಪ್ರೇ: ಓವನ್ನಿಗೆ ಸೈ, ಗ್ಯಾಸ್ ಒಲೆಗೆ ಬೇಡ

'ಉಜ್ಜುವ ಕೆಲಸವೇ ಇಲ್ಲ' ಎಂದು ಇಂಥ ಸ್ಪ್ರೇಗಳು ಹೇಳಿಕೊಳ್ಳುವುದು ಮುಕ್ಕಾಲು ಪಾಲು ನಿಜ. ಡಬ್ಬಿ ತಿರುಗಿಸಿ ಹಿಂಬದಿ ಓದಿ: ಸೋಡಿಯಂ ಹೈಡ್ರಾಕ್ಸೈಡ್ ಎಂದಿದ್ದರೆ ಅದು ಕಾಸ್ಟಿಕ್ ಸೋಡಾ. ಎಣ್ಣೆ ಜಿಡ್ಡನ್ನು ಅದು ಬರೀ ನೆನೆಸುವುದಿಲ್ಲ, ಸಾಬೂನನ್ನಾಗಿಯೇ ಮಾಡಿಬಿಡುತ್ತದೆ. ಅಡುಗೆ ಸೋಡಾದ ಪೇಸ್ಟಿಗೆ ಅಷ್ಟು ಕಸುವಿಲ್ಲ. ಅದರ ಕ್ಷಾರ ತೀರಾ ಮೆದು, ರಾತ್ರಿಯಿಡೀ ಬಿಟ್ಟರೂ ಕೊನೆಗೆ ತೋಳೇ ದುಡಿಯಬೇಕು.

ಎನಾಮೆಲ್ ಲೇಪದ ಓವನ್ ಒಳಗೋಡೆಯ ಮೇಲೆ ಇದರ ಕೆಲಸ ನೋಡುವಂತಿದೆ. ಬಿಳಿ ನೊರೆ ಮೊದಲು ಅಂಚಿನಲ್ಲಿ ಹಳದಿಯಾಗುತ್ತದೆ, ಆಮೇಲೆ ಕಾಫಿ ಬಣ್ಣಕ್ಕೆ ತಿರುಗಿ ಎಳೆ ಎಳೆಯಾಗಿ ಕೆಳಗೆ ಜಾರುತ್ತದೆ. ಕರಿಕಟ್ಟಿದ ಪದರ ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ತಳ್ಳಿದರೂ ಎದ್ದು ಬರುತ್ತದೆ. ಸ್ಟೀಲ್ ಜಾಲರಿ ಕಂಬಿಗಳಿಗೂ ಇದು ಚೆನ್ನ. ವರ್ಷಗಟ್ಟಲೆ ಸುಟ್ಟು ಮೆರುಗೆಣ್ಣೆಯಂತೆ ಗಟ್ಟಿಯಾದ ಕಲೆಗೆ ಮಾತ್ರ ಎರಡನೇ ಸುತ್ತು ಬೇಕು.

ಬಳಸುವ ಮುನ್ನ ಪ್ಲಗ್ ಕಿತ್ತು, ಓವನ್ ಪೂರ್ತಿ ಆರಲಿ. ಕೆಲವು ಡಬ್ಬಿಗಳ ಒತ್ತಡದ ಅನಿಲ ಬೆಂಕಿಗೆ ಹತ್ತಿಕೊಳ್ಳುವಂಥದ್ದು, ಹಾಗಾಗಿ ಪಕ್ಕದಲ್ಲಿ ಒಲೆ ಉರಿಯುತ್ತಿರಕೂಡದು. ಕಿಟಕಿ ತೆರೆದು, ಮೊಣಕೈವರೆಗಿನ ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಿ. ಬಿಸಿಯಾಗುವ ಕಾಯಿಲ್, ಫ್ಯಾನ್, ಬಲ್ಬ್, ತಾಪ ಅಳೆಯುವ ಕಡ್ಡಿ, ಬಾಗಿಲಿನ ರಬ್ಬರ್ ಪಟ್ಟಿ ಇವುಗಳ ಮೇಲೆ ಸಿಂಪಡಿಸಬೇಡಿ. ಡಬ್ಬಿ ಹೇಳಿದಷ್ಟೇ ಹೊತ್ತು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಮೂರ್ನಾಲ್ಕು ಸಲ ಒರೆಸಿ. ಕೊನೆಯ ಸಲಕ್ಕೆ ನಾಲ್ಕು ಪಾಲು ನೀರಿಗೆ ಒಂದು ಪಾಲು ವಿನೆಗರ್ ಸೇರಿಸಿಕೊಂಡರೆ ಉಳಿದ ಕ್ಷಾರ ಸಾಯುತ್ತದೆ. ಮೂಲೆಯಲ್ಲಿ ನೊರೆ ಉಳಿದರೆ ಮುಂದಿನ ಸಲ ಓವನ್ ಕಾಯಿಸಿದಾಗ ಮೂಗು ಸುಡುವ ಹೊಗೆ ಬರುವುದು ಅದರಿಂದಲೇ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು.

ಇಷ್ಟೆಲ್ಲ ಹೊಗಳಿದ ಮೇಲೂ ಅಡುಗೆಮನೆಯ ಎಲ್ಲ ಸಾಮಾನಿಗೂ ಇದು ಬೇಡ. ಅಲ್ಯೂಮಿನಿಯಂ ಮೇಲೆ ಬಿದ್ದರೆ ಕಾಸ್ಟಿಕ್ ಲೋಹವನ್ನೇ ತಿನ್ನುತ್ತದೆ: ಹೊಳಪು ಹೋಗಿ ಬೂದು ಕಪ್ಪಾಗುತ್ತದೆ, ಸಣ್ಣ ಗುಳಿಗಳು ಬೀಳುತ್ತವೆ, ಹೈಡ್ರೋಜನ್ ಹೊರಡುತ್ತದೆ. ಚಿಮಣಿಯ ಸ್ಟೀಲ್ ಬ್ಯಾಫಲ್ ಫಿಲ್ಟರ್ ತಡೆಯುತ್ತದೆ, ಅಲ್ಯೂಮಿನಿಯಂ ಜಾಲರಿ ತಡೆಯುವುದಿಲ್ಲ. ಜಾಲರಿಗೆ ಬಿಸಿನೀರು, ಪಾತ್ರೆ ತೊಳೆಯುವ ದ್ರವ ಸಾಕು. ಓವನ್ ಗೋಡೆ ಒರಟು ಬೂದು ಫಲಕದ್ದಾಗಿ, ಜಿಡ್ಡು ತಾನೇ ಸುಟ್ಟುಕೊಳ್ಳುವ ಬಗೆಯದಾಗಿದ್ದರೆ ಅಲ್ಲಿಗೂ ಬೇಡ. ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿದರೆ ಫಲಕವೇ ದಂಡ.

ಗ್ಯಾಸ್ ಒಲೆಯ ಬರ್ನರ್ ಬುಡ ಎಷ್ಟೋ ಮಾದರಿಗಳಲ್ಲಿ ಅಲ್ಯೂಮಿನಿಯಂ, ಹಾಗಾಗಿ ಅಲ್ಲಿ ಹಳೆಯ ದಾರಿಯೇ ಮೇಲು. ರೆಗ್ಯುಲೇಟರ್ ಬಂದ್ ಮಾಡಿ, ಆರಿದ ಬರ್ನರ್ ಬಿಚ್ಚಿ, ಬಿಸಿ ಸಾಬೂನು ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಟ್ಟಿಕೊಂಡ ತೂತಿಗೆ ಪಿನ್ನು ಹಾಕಬಹುದು. ಕಡ್ಡಿ ಹಾಕಬೇಡಿ, ಮುರಿದರೆ ಒಳಗೇ ಉಳಿಯುತ್ತದೆ. ಗ್ಯಾಸ್ ಹೊರಬರುವ ಜೆಟ್ಟಿನ ಕಿರುತೂತನ್ನಂತೂ ಕೆದಕಲೇಬಾರದು: ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚಾಗಿ, ಗಾಳಿ ಸಾಲದೆ, ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಅಂಥ ಉರಿ ಕಾರ್ಬನ್ ಮೊನಾಕ್ಸೈಡನ್ನೂ ಬಿಡಬಹುದು. ತೊಳೆದ ಮೇಲೆ ಬರ್ನರ್ ಪೂರ್ತಿ ಒಣಗಲಿ, ಒಳಗೆ ನೀರಿದ್ದರೂ ಉರಿ ತಡವರಿಸುತ್ತದೆ.

ಮೈಕ್ರೋವೇವಿಗೆ ಈ ಸ್ಪ್ರೇ ಸುತರಾಂ ಬೇಡ. ಒಂದು ಬಟ್ಟಲು ನೀರು, ಎರಡು ಹೋಳು ನಿಂಬೆ, ಒಂದು ಮರದ ಚಮಚ ಒಳಗಿಟ್ಟು ಮೂರು ನಿಮಿಷ ಕಾಯಿಸಿ, ಐದು ನಿಮಿಷ ಬಾಗಿಲು ಮುಚ್ಚಿಯೇ ಬಿಡಿ. ಚಮಚವಿದ್ದರೆ ನೀರು ಕುದಿಯದೆ ಕಾದು ತಟ್ಟನೆ ಸಿಡಿಯುವ ಅಪಾಯ ಕಡಿಮೆ. ಆಮೇಲೆ ಬಟ್ಟೆ ಆಡಿಸಿದರೆ ಸಾಕು.

ಓವನ್ನಿಗಷ್ಟೇ ಆದರೆ 5ಕ್ಕೆ 4 ಅಂಕ. ಅಲ್ಯೂಮಿನಿಯಂ ಎಚ್ಚರಿಕೆಯನ್ನು ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬಚ್ಚಿಟ್ಟಿರುವ ಡಬ್ಬಿಗೆ ಇನ್ನೊಂದು ಅಂಕ ಕಳೆಯಿರಿ.