ತರಚು ಗಾಯಕ್ಕೆ ಗಾಜ್ ಪಟ್ಟಿಯೋ, ಜೆಲ್ ಹಾಳೆಯೋ?

ಸೈಕಲ್‌ನಿಂದ ಬಿದ್ದು ಮೊಣಕಾಲು ಅಂಗೈ ಅಗಲ ತರಚಿತ್ತು. ಮಾಯುವಷ್ಟರಲ್ಲಿ ಮೂರು ಥರದ ಪಟ್ಟಿ ಹಾಕಿ ನೋಡಿದೆ. ಮೊದಲ ದಿನವೇ ಜೆಲ್ ಹಾಳೆ ಹಾಕಿದ್ದರೆ ಅಷ್ಟು ನೋವು ತಿನ್ನಬೇಕಿರಲಿಲ್ಲ.

ಶುರುವಿನಲ್ಲಿ ಹಾಕಿದ್ದು ಆಂಟಿಬಯೋಟಿಕ್ ಮುಲಾಮು, ಅದರ ಮೇಲೆ ಒಣ ಗಾಜ್, ಅಂದರೆ ಜಾಳುಜಾಳಾದ ಬಟ್ಟೆ. ಗೋಳೆಲ್ಲ ಬಿಚ್ಚುವಾಗ. ರಾತ್ರಿ ಒಸರಿದ ನೀರು ಒಣಗಿ, ಬಟ್ಟೆಯ ಎಳೆಗಳ ಸಮೇತ ಗಟ್ಟಿಯಾಗಿರುತ್ತಿತ್ತು. ಸಲೈನ್ (ಗಾಯ ತೊಳೆಯುವ ಉಪ್ಪುನೀರು) ಸುರಿದು, ಹತ್ತು ನಿಮಿಷ ಕಾದು, ತುದಿಯಿಂದ ಮೆಲ್ಲಗೆ ಎತ್ತಿದರೂ ನಡುವೆ ಎಲ್ಲೋ ಒಂದು ಕಡೆ ಕಚ್ಚಿಕೊಂಡೇ ಇರುತ್ತಿತ್ತು.

ನಾಲ್ಕನೇ ದಿನ ಅಂಚಿನಲ್ಲಿ ಆಗಷ್ಟೇ ಬಂದಿದ್ದ ತೆಳು ಗುಲಾಬಿ ಚರ್ಮವೂ ಗಾಜ್ ಜೊತೆಗೇ ಎದ್ದು ಬಂತು. ಮತ್ತೆ ರಕ್ತ. ಬಟ್ಟೆಯ ಸಣ್ಣ ಕಣ್ಣುಗಳ ಅಚ್ಚು ಗಾಯದ ಮೇಲೆ ಹಾಗೇ ಮೂಡಿತ್ತು. ಗಾಯಕ್ಕೆ ಗಾಳಿಯಾಡಲಿ, ಒಣಗಲಿ ಅಂತ ಹೇಳ್ತಾರಲ್ವಾ? ಆದರೆ ಜಾರ್ಜ್ ವಿಂಟರ್ ಎಂಬ ಸಂಶೋಧಕರು 1962ರಲ್ಲೇ ಹಂದಿಗಳ ಮೇಲೆ ಪರೀಕ್ಷಿಸಿ ಬೇರೆಯದನ್ನೇ ತೋರಿಸಿದ್ದರು. ತೇವ ಆರದಂತೆ ಮುಚ್ಚಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತ್ತು. ಹಕ್ಕಳೆ ಕಟ್ಟಿದರೆ ಹೊಸ ಕೋಶಗಳು ಅದರ ಅಡಿಯಲ್ಲಿ ತೂರಿಕೊಂಡು ಹೋಗಬೇಕು. ತೇವ ಇದ್ದರೆ ದಾರಿ ಸಲೀಸು.

ಎರಡನೆಯದು ಫ್ರಾಮೈಸೆಟಿನ್ ಅನ್ನೋ ಆಂಟಿಬಯೋಟಿಕ್ ಸವರಿದ ಪ್ಯಾರಾಫಿನ್ ಜಾಲರಿ, ಅಂದರೆ ವ್ಯಾಸಲೀನಿನಂಥ ಜಿಡ್ಡು ಹಚ್ಚಿದ ಬಲೆಬಟ್ಟೆ. ಅಂಟುವುದು ಕಡಿಮೆ. ಆದರೆ ಎರಡೇ ದಿನಕ್ಕೆ ಗಾಯದ ಸುತ್ತ ಕೆಂಪಾಗಿ ತುರಿಕೆ ಹತ್ತಿತು. ಡಾಕ್ಟರು ನೋಡಿ, ಇದು ನಂಜಲ್ಲ, ಔಷಧಿಯ ಅಲರ್ಜಿ ಅಂದರು. ನಿಯೋಮೈಸಿನ್ ಅನ್ನೋ ಆಂಟಿಬಯೋಟಿಕ್ ಆಗದವರಿಗೆ ಸಾಮಾನ್ಯವಾಗಿ ಫ್ರಾಮೈಸೆಟಿನ್ ಕೂಡ ಆಗುವುದಿಲ್ಲ, ಎರಡೂ ಒಂದೇ ಮನೆಯವು.

ಆಮೇಲೆ ಬಂದದ್ದು ಬೆಳ್ಳಿ ಸೇರಿಸಿದ ಜೆಲ್ ಹಾಳೆ. ಬೆಳ್ಳಿ ಆಂಟಿಬಯೋಟಿಕ್ ಅಲ್ಲ, ಆದರೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಹಾಳೆಯ ಬಹುಪಾಲು ನೀರೇ. ಇಟ್ಟ ಕೂಡಲೇ ತಣ್ಣಗಾಗಿ ಉರಿ ಇಳಿಯಿತು. ಗಾಯದ ನೀರು ಹೀರಿ ಅದು ಉಬ್ಬುತ್ತದೆ, ಒಳಗಿನ ಔಷಧಿ ಹೊರಗೆ ಇಳಿಯುತ್ತದೆ. ಮೂರನೇ ದಿನ ಎತ್ತಿದೆ. ಸುಮ್ನೆ ಜಾರಿ ಬಂತು, ಒಂದು ಹನಿ ರಕ್ತವಿಲ್ಲ.

ಕುಂದೂ ಇದೆ. ಒಳ್ಳೆಯ ಚರ್ಮದ ಮೇಲೂ ಚಾಚುವಂತೆ ಹಾಕಿದ್ದೆ. ಅಲ್ಲೆಲ್ಲ ನೀರಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗೆ ಸುಕ್ಕಾಯಿತು. ಗಾಯದ ಅಳತೆಗೆ ಕತ್ತರಿಸಿದ ಮೇಲೆ ಸರಿಹೋಯಿತು. ಮೊಣಕಾಲಲ್ಲಿ ಜಾರುತ್ತದೆ, ಮೇಲೊಂದು ಬ್ಯಾಂಡೇಜ್ ಬೇಕೇ ಬೇಕು. ತುಂಬಾ ನೀರು ಸೋರುವ ಗಾಯಕ್ಕೆ ಇದಾಗದು. ಆಳದ ಗಾಯ, ಪ್ರಾಣಿ ಕಚ್ಚಿದ್ದು, ಕೀವು ಕಟ್ಟಿದ್ದು, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಇವಕ್ಕೆ ಡಾಕ್ಟರ ಹತ್ತಿರವೇ ಹೋಗಿ.

ಒಂದೊಂದು ಹಾಳೆಗೆ ದುಡ್ಡು ಜಾಸ್ತಿಯೇ. ಆದರೆ ಬೆಳಿಗ್ಗೆ ಓಡುವ ಅವಸರದಲ್ಲಿ ದಿನಾ ಪಟ್ಟಿ ಬಿಚ್ಚಿ ಕಟ್ಟುವುದು ನನ್ನಿಂದಾಗದು. ಮೂರು ದಿನಕ್ಕೊಮ್ಮೆ ಬದಲಿಸಿದರೆ ನನಗೆ ಲೆಕ್ಕ ಸರಿಹೋಗುತ್ತದೆ. ಗಾಯ ಶುಚಿಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ ಬೆಳ್ಳಿಯದನ್ನು ಬಿಟ್ಟು ಸಾದಾ ಜೆಲ್ ಹಾಕಿದೆ. ಈಗ ಔಷಧಿ ಡಬ್ಬಿಯಲ್ಲಿ ಸಾದಾ ಜೆಲ್ ಹಾಳೆ ಎರಡು ಇಟ್ಟಿದ್ದೇನೆ, ಜೊತೆಗೆ ಒಂದು ಸಲೈನ್ ಬಾಟಲಿ.