ಹಳೆಯ ಕಾರಿನ ಮಿಸ್ಸಿಂಗ್: ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸಲು ಒಪ್ಪಬೇಡಿ

ಹದಿನೈದು, ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ಕಾರನ್ನು ಇನ್ನೂ ಜತನದಿಂದ ಓಡಿಸುತ್ತಿರುವ ಕರಾವಳಿಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಾರಿನ ಎಂಜಿನ್ ಒಮ್ಮೊಮ್ಮೆ ಮಾತ್ರ ಮಿಸ್ಸಿಂಗ್ ಆಗಿ (ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ತಡವರಿಸಿ), ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಯಾವ ತೊಂದರೆಯೂ ಇಲ್ಲದಂತೆ ಓಡುತ್ತಿದ್ದರೆ, ದೋಷ ಯಾವ ಸಿಲಿಂಡರಿನದು ಎಂದು ಮೆಕ್ಯಾನಿಕ್ ತೋರಿಸಿಕೊಡುವವರೆಗೆ ಒಂದೇ ಒಂದು ಬಿಡಿಭಾಗವನ್ನೂ ಬದಲಿಸಲು ಒಪ್ಪಿಗೆ ಕೊಡಬೇಡಿ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಾರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮದು 2006ರ, ನಾಲ್ಕು ಸಿಲಿಂಡರಿನ, ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಕಾರು. ಇಂದಿನ ಕಾರುಗಳಲ್ಲಿರುವಂತೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಪ್ರತಿ ಪ್ಲಗ್ಗಿಗೂ ಬೇರೆಯಾಗಿ ಇದರಲ್ಲಿಲ್ಲ. ಎರಡು ಕಾಯಿಲ್‌ಗಳಿದ್ದು, ಒಂದೊಂದೂ ಎರಡೆರಡು ಸಿಲಿಂಡರಿಗೆ ಪ್ಲಗ್ ವೈರುಗಳ ಮೂಲಕ ಕಿಡಿ ಕೊಡುತ್ತದೆ. ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಬರುವಾಗ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿದರೂ ಏನೂ ತಿಳಿಯುತ್ತಿರಲಿಲ್ಲ. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಕಾರು ಜರ್ಕ್ ಹೊಡೆದು, ಪಿಕಪ್ ಕಳೆದುಕೊಂಡು, ಮತ್ತೆ ತಾನಾಗಿಯೇ ಸರಿಯಾಗುತ್ತಿತ್ತು. ರಾತ್ರಿಯಿಡೀ ಆಟಿಯ ಮಳೆ ಸುರಿದು ಬೆಳಿಗ್ಗೆ ಮೊದಲ ಸಲ ಹೊರಟಾಗ ಇದು ಹೆಚ್ಚು. ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಣಗಿದ ಮೇಲೆ ಬಹಳ ಕಡಿಮೆ.

ಈ ಎರಡು ಲಕ್ಷಣಗಳು, ಅಂದರೆ ಏರಿನಲ್ಲಿ ಬರುವುದು ಮತ್ತು ತೇವಕ್ಕೆ ಬರುವುದು, ಅರ್ಧ ಉತ್ತರವನ್ನು ಕೊಟ್ಟೇಬಿಡುತ್ತವೆ. ಎಂಜಿನ್ ಮೇಲೆ ಭಾರ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸುಮಾರು ಒಂದು ಮಿಲಿಮೀಟರ್ ಅಂತರವನ್ನು ಕಿಡಿ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಅದೂ ಹತ್ತಾರು ಸಾವಿರ ವೋಲ್ಟ್‌ಗಳ ಲೆಕ್ಕದಲ್ಲಿ. ಪ್ಲಗ್ ವೈರಿನ ಅಥವಾ ಅದರ ತುದಿಯ ರಬ್ಬರ್ ಕ್ಯಾಪಿನ ನಿರೋಧಕ ಶಕ್ತಿ ಕುಗ್ಗಿದ್ದರೆ ಆ ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗುವ ಬದಲು ಪಕ್ಕದ ಸಿಲಿಂಡರ್ ಹೆಡ್ಡಿನ ಲೋಹಕ್ಕೆ ಸೋರಿಹೋಗುತ್ತದೆ, ತೇವಾಂಶ ಆ ಸೋರಿಕೆಯನ್ನು ಸುಲಭಗೊಳಿಸುತ್ತದೆ. ನಿಂತಲ್ಲೇ ಐಡ್ಲಿಂಗ್‌ನಲ್ಲಿ ನಡುಗಿ, ವೇಗ ಹೆಚ್ಚಿಸಿದಾಗ ಸರಿಹೋಗುವ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಪೈಪಿನ ಬಿರುಕನ್ನು ಮೊದಲು ಹುಡುಕಬೇಕು. ಬಹಳ ಹೊತ್ತು ಜೋರಾಗಿ ಓಡಿಸಿದ ಮೇಲಷ್ಟೇ ಶಕ್ತಿ ಕುಂದಿದರೆ ಪೆಟ್ರೋಲ್ ಪೂರೈಕೆಯ ಕಡೆ ನೋಡಬೇಕು. “ಯಾವಾಗ ಬರುತ್ತದೆ?” ಎಂಬ ಪ್ರಶ್ನೆಯನ್ನು ಕೇಳದ ಮೆಕ್ಯಾನಿಕ್ಕಿನ ಕೈಗೆ ಕೀಲಿ ಕೊಡಬಾರದು.

ನಾವು ಮೊದಲು ಕಾರು ಒಯ್ದ ಮಂಗಳೂರಿನ ಗ್ಯಾರೇಜಿನಲ್ಲಿ ಈ ಪ್ರಶ್ನೆ ಬರಲೇ ಇಲ್ಲ. ನಾವಾಗಿಯೇ ಹೇಳಿದರೂ ಕಾರನ್ನು ಯಾವ ಏರಿಗೂ ಕೊಂಡೊಯ್ಯಲಿಲ್ಲ. ಮೊದಲು ಪ್ಲಗ್ಗುಗಳನ್ನು ಬದಲಿಸಿದರು, ಕೆಲವು ದಿನ ಚೆನ್ನಾಗಿತ್ತು. ಮತ್ತೆ ಶುರುವಾದಾಗ ಎಥೆನಾಲ್ ಬೆರೆಸಿದ ಪೆಟ್ರೋಲಿನ ಮೇಲೆ ಹೊರಿಸಿದರು. ಎಥೆನಾಲ್ ನೀರನ್ನು ಹೀರಿಕೊಳ್ಳುವುದೂ, ಶೇ 20ರ ಮಿಶ್ರಣಕ್ಕೆಂದು ಮಾಡದ ಹಳೆಯ ರಬ್ಬರ್ ಭಾಗಗಳಿಗೆ ಅದು ಒಳ್ಳೆಯದಲ್ಲದಿರುವುದೂ ನಿಜ. ಆದರೆ ಟ್ಯಾಂಕಿನ ಪೆಟ್ರೋಲೇ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರುಗಳು ಬಳಲಬೇಕೇ ಹೊರತು, ಒಂದು ಸಿಲಿಂಡರ್ ಮಳೆ ಬಂದ ಬೆಳಿಗ್ಗೆಯನ್ನೇ ಆರಿಸಿಕೊಂಡು ತಪ್ಪುವುದಿಲ್ಲ. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್ ಆಯಿತು. “ಪಂಪು ವೀಕ್ ಆಗಿದೆ ಸರ್, ಬದಲಿಸಿದರೆ ಸರಿಯಾಗುತ್ತದೆ” ಎಂದು ಟ್ಯಾಂಕಿನೊಳಗಿನ ಪಂಪನ್ನು ಬದಲಿಸಿದರು. ಈ ಬಗೆಯ ಎಂಜಿನ್ನಿನಲ್ಲಿ ಇಂಧನದ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸಿನಲ್ಲಿರುತ್ತದೆ, ಅದನ್ನು ಅಳೆಯಲು ಗೇಜ್ ಇದೆ. ಆ ಗೇಜನ್ನು ಅವರು ಒಮ್ಮೆಯೂ ಜೋಡಿಸಲಿಲ್ಲ, ಕಳಚಿದ ಪಂಪನ್ನು ಕೇಳಿದರೂ ಕೊಡಲಿಲ್ಲ. ಕೊನೆಗೆ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೋಗಿದೆ, ಸೆಕೆಂಡ್ ಹ್ಯಾಂಡ್ ಒಂದನ್ನು ತರಿಸೋಣ ಎಂದರು. ಅಷ್ಟರಲ್ಲಿ ಒಟ್ಟು ಬಿಲ್ಲು ಮೂವತ್ತು ಸಾವಿರ ದಾಟಿತ್ತು.

ಪ್ರತಿ ರಿಪೇರಿಯ ನಂತರವೂ ಕೆಲವು ದಿನ ಸರಿಯಾಗುತ್ತಿದ್ದುದೇ ನಮ್ಮನ್ನು ನಂಬಿಸಿತು. ಅದರ ಕಾರಣ ಸರಳವಾಗಿತ್ತು. ಯಾವ ಕೆಲಸಕ್ಕಾದರೂ ಪ್ಲಗ್ ವೈರುಗಳನ್ನು ಎಳೆದು, ಒರೆಸಿ, ಮತ್ತೆ ಕೂರಿಸುತ್ತಿದ್ದರು. ಆ ಒರೆಸುವಿಕೆಯೂ ನಡುವೆ ಸಿಕ್ಕ ಬಿಸಿಲೂ ದೋಷವನ್ನು ಅಡಗಿಸುತ್ತಿದ್ದವು, ಹೆಸರು ಮಾತ್ರ ಹೊಸ ಬಿಡಿಭಾಗಕ್ಕೆ ಸಿಗುತ್ತಿತ್ತು. ಬಂದು ಹೋಗುವ ದೋಷ ಬಾರದೆ ಇದ್ದರೆ ಅದು ರಿಪೇರಿಯಾಗಿದೆ ಎಂದು ತೀರ್ಮಾನಿಸಲಾಗದು. ಅದು ಬರುತ್ತಿದ್ದ ಸ್ಥಿತಿಯನ್ನೇ ಮತ್ತೆ ಸೃಷ್ಟಿಸಿ, ಆಗಲೂ ಬಾರದಿದ್ದರೆ ಮಾತ್ರ ನಂಬಬೇಕು.

ಸ್ಕ್ಯಾನರ್ ಹಾಕಿ “ಕೋಡ್ ಏನೂ ಇಲ್ಲ” ಎಂದು ತೋರಿಸಿದ್ದನ್ನೂ ಹೇಳಬೇಕು. ದೋಷವನ್ನು ಕಾರೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಅನೇಕ ಕಾರುಗಳ ಕಂಪ್ಯೂಟರಿಗೆ ಮಿಸ್ಸಿಂಗ್ ಅಥವಾ ಮಿಸ್‌ಫೈರ್ ಎಣಿಸುವ ಸಾಮರ್ಥ್ಯವೇ ಇಲ್ಲದಿರಬಹುದು, ಆದ್ದರಿಂದ ಕೋಡ್ ಇಲ್ಲದಿರುವುದು ದೋಷವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಹೊಸ ಕಾರುಗಳಲ್ಲಿ ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳು ಆಯಾ ಸಿಲಿಂಡರನ್ನೂ, ಪಿ0300 ಯಾವ ಒಂದು ಸಿಲಿಂಡರಿಗೂ ಅಂಟದ ಮಿಸ್‌ಫೈರನ್ನೂ ಸೂಚಿಸುತ್ತವೆ. ಅಲ್ಲಿಯೂ ಕೋಡ್ ಹೇಳುವುದು ಸಿಲಿಂಡರಿನ ಸಂಖ್ಯೆಯನ್ನು ಮಾತ್ರ. ಪ್ಲಗ್ಗೋ, ವೈರೋ, ಇಂಜೆಕ್ಟರೋ, ಕಂಪ್ರೆಷನ್ನೋ ಎಂಬುದನ್ನು ಮನುಷ್ಯರೇ ಕಂಡುಹಿಡಿಯಬೇಕು.

ಇಸಿಎಂಗೆ ಒಪ್ಪದೆ ಕಾರನ್ನು ಉಡುಪಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ತಂದೆವು. ಅವರು ಕಾರನ್ನು ರಾತ್ರಿ ಮಳೆಗೆ ಅಂಗಳದಲ್ಲೇ ಬಿಡಿಸಿ, ಬೆಳಕು ಹರಿಯುವ ಮೊದಲು ಬಾನೆಟ್ ತೆರೆದು ಸ್ಟಾರ್ಟ್ ಮಾಡಿದರು. ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಿ ನೋಡಿದಾಗ ಮೂರು ಸಿಲಿಂಡರುಗಳಲ್ಲಿ ಎಂಜಿನ್ನಿನ ಸದ್ದು ಕುಸಿಯಿತು. ಎರಡನೇ ಸಿಲಿಂಡರಿನದನ್ನು ಕಳಚಿದಾಗ ಏನೂ ಬದಲಾಗಲಿಲ್ಲ, ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಎರಡು ಮತ್ತು ಮೂರನೇ ಸಿಲಿಂಡರುಗಳಿಗೆ ಒಂದೇ ಕಾಯಿಲ್ ಆದ್ದರಿಂದ, ಕಾಯಿಲ್ ಸತ್ತಿದ್ದರೆ ಎರಡೂ ತಪ್ಪಬೇಕಿತ್ತು. ಆಮೇಲೆ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿದಾಗ ಎರಡನೇ ಪ್ಲಗ್ಗಿನ ಕ್ಯಾಪಿನ ಬುಡದಲ್ಲಿ ನೀಲಿ ಕಿಡಿ ಹೆಡ್ಡಿಗೆ ಹಾರುವುದು ಆ ಕತ್ತಲಲ್ಲಿ ಎಲ್ಲರಿಗೂ ಕಂಡಿತು. ಈ ಪರೀಕ್ಷೆಯನ್ನು ಅನುಭವವಿಲ್ಲದವರು ಮಾಡಬಾರದು. ಓಡುತ್ತಿರುವ ಎಂಜಿನ್ನಿನಿಂದ ಪ್ಲಗ್ ವೈರನ್ನು ಎಳೆಯುವುದಂತೂ ಸಲ್ಲದು, ಮೈಗೂ ಕಾಯಿಲ್‌ಗೂ ಅಪಾಯ.

ಕ್ಯಾಪ್ ತೆಗೆದಾಗ ಪ್ಲಗ್ ಕೂರುವ ಕುಳಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಗಟ್ಟಿಯಾಗಿ ಆಯಿಲ್ ಒಸರಿ, ರಬ್ಬರ್ ಕ್ಯಾಪನ್ನು ಮೆತ್ತಗಾಗಿಸಿ ಕೆಡಿಸಿತ್ತು. ಗ್ಯಾರೇಜಿನವರು ಹಾಕಿದ ಹೊಸ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಪೆನ್ಸಿಲ್ ಗೆರೆಯಂತಹ ಕಪ್ಪು ಜಾಡು ಮೂಡಿತ್ತು. ಈ ಇಂಗಾಲದ ಜಾಡು ಒಮ್ಮೆ ಬಿದ್ದರೆ ಕಿಡಿ ಅದೇ ದಾರಿಯನ್ನು ಹಿಡಿಯುತ್ತದೆ. ಪ್ಲಗ್ ಮಾತ್ರ ಬದಲಿಸಿದರೆ ಹಳೆಯ ಕ್ಯಾಪ್ ಹೊಸ ಪ್ಲಗ್ಗನ್ನು ಕೆಡಿಸುತ್ತದೆ, ವೈರು ಮಾತ್ರ ಬದಲಿಸಿದರೆ ಹಳೆಯ ಪ್ಲಗ್ ಹೊಸ ಕ್ಯಾಪನ್ನು ಕೆಡಿಸುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಪ್ಲಗ್ ಬದಲಿಸಿದವರ ಕಣ್ಣಿಗೆ ಆ ಆಯಿಲ್ ಬಿದ್ದಿರಲೇಬೇಕು. ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. ಸರ್ವಿಸಿನ ವೇಳೆ ಎಂಜಿನ್ನಿನ ಮೇಲೆ ಜೋರಾಗಿ ನೀರು ಹಾಯಿಸುವ ರೂಢಿಯೂ ಈ ಕುಳಿಗಳಿಗೆ ನೀರು ತುಂಬಿಸುತ್ತದೆ. ಅದನ್ನು ಬೇಡವೆಂದು ಮೊದಲೇ ಹೇಳಿಬಿಡಿ.

ಪ್ಯಾಕಿಂಗ್, ವೈರು, ಪ್ಲಗ್ ಎಲ್ಲಾ ಸೇರಿ ಕೆಲವೇ ಸಾವಿರಕ್ಕೆ ಮುಗಿಯಿತು. ಮುಗಿಯದೆ ಉಳಿದದ್ದು ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್. ಕಿಡಿ ತಪ್ಪಿದಾಗ ಸುಡದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗಿ ಕನ್ವರ್ಟರಿನೊಳಗೆ ಉರಿಯುತ್ತದೆ, ಆ ಶಾಖಕ್ಕೆ ಅದರ ಒಳಗಿನ ಜೇನುಗೂಡಿನಂತಹ ಪಿಂಗಾಣಿ ಕರಗುತ್ತದೆ. ತಿಂಗಳುಗಟ್ಟಲೆ “ಓಡಿಸಿ ನೋಡಿ” ಎಂದು ಕಳುಹಿಸಿದ್ದರ ಬೆಲೆ ಅದು, ಮತ್ತು ನನಗೆ ಅತ್ಯಂತ ನೋವಾದದ್ದೂ ಅದರಿಂದಲೇ. ಹೊಸ ಕಾರುಗಳಲ್ಲಿ ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಕನ್ವರ್ಟರಿಗೆ ಹಾನಿಯಾಗುತ್ತಿದೆ ಎಂದರ್ಥ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು.

ಜಾಬ್ ಕಾರ್ಡಿನಲ್ಲಿ ದೋಷ ಬರುವ ಸಂದರ್ಭವನ್ನೂ, ಮಾಡಿದ ಪರೀಕ್ಷೆಯ ಫಲವನ್ನೂ, ಕಳಚಿದ ಭಾಗಗಳನ್ನು ಹಿಂದಿರುಗಿಸಬೇಕೆಂಬುದನ್ನೂ ಬರೆಸಿಕೊಳ್ಳಿ. ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು, ಮತ್ತು ಅಲ್ಲಿ ಈ ಕಾಗದವೇ ಆಧಾರ. ಇನ್ನು ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕಿಸುವವರು ಪ್ಲಗ್ ಕುಳಿಗಳ ರಬ್ಬರ್ ಸೀಲುಗಳನ್ನೂ ಕೇಳಿ ತರಿಸಿಕೊಳ್ಳಿ. ಎಷ್ಟೋ ಎಂಜಿನ್‌ಗಳಿಗೆ ಅವು ಬೇರೆಯಾಗಿಯೇ ಬರುತ್ತವೆ, ಅವನ್ನು ಬಿಟ್ಟು ಸುತ್ತಲಿನ ಪ್ಯಾಕಿಂಗ್ ಮಾತ್ರ ಬದಲಿಸಿದರೆ ಆಯಿಲ್ ಮತ್ತೆ ಕುಳಿಗೇ ಇಳಿಯುತ್ತದೆ.