ಡೆಕೊ ಎಕ್ಸ್50 ಮೆಶ್ ವೈಫೈ: ಎರಡು ಬೇಸಿಗೆ ಕಳೆದ ಮೇಲಿನ ವಿಮರ್ಶೆ

ಮನೆಯಲ್ಲಿ ಅಲ್ಲಲ್ಲಿ ಇಟ್ಟ ಎರಡು ಮೂರು ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಹರಡುವ ವ್ಯವಸ್ಥೆಗೆ ಮೆಶ್ ವೈಫೈ ಎನ್ನುತ್ತಾರೆ. ಅದರ ಬಗ್ಗೆ ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬೇಸಿಗೆಯ ಕರೆಂಟ್ ಕಟ್, ಮಕ್ಕಳ ಆನ್‌ಲೈನ್ ಕ್ಲಾಸು, ಹಬ್ಬಕ್ಕೆ ಬಂದ ನೆಂಟರ ಹತ್ತಾರು ಫೋನು, ಇವೆಲ್ಲ ಒಂದು ಸುತ್ತು ಮುಗಿದ ಮೇಲೆಯೇ ನೆಟ್‌ವರ್ಕಿನ ಗುಣ ತಿಳಿಯುವುದು. ಆ ಸುತ್ತು ನಮ್ಮ ಮನೆಯಲ್ಲಿ ಮುಗಿದಿದೆ. ಟಿಪಿ-ಲಿಂಕ್ ಡೆಕೊ ಎಕ್ಸ್50, ಎರಡರ ಪ್ಯಾಕ್. ಈಗಲೂ ಅದೇ ಓಡುತ್ತಿದೆ, ಬದಲಿಸುವ ಯೋಚನೆ ಇಲ್ಲ.

ನಮ್ಮದು ಮೈಸೂರಿನಲ್ಲಿ ಮೂವತ್ತು–ನಲವತ್ತರ ಸೈಟಿನ ಎರಡಂತಸ್ತಿನ ಮನೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಎರಡು ಅಂತಸ್ತಿನ ನಡುವೆ ಆರ್‌ಸಿಸಿ ಸ್ಲ್ಯಾಬ್. ಫೈಬರ್ ಬಂದು ಇಳಿಯುವುದು ಕೆಳಗಿನ ಹಾಲಿನ ಮೂಲೆಗೆ. ನಾನು ಕೆಲಸ ಮಾಡುವ ಕೋಣೆ ಮೇಲೆ, ಅದೂ ಹಿಂಬದಿಗೆ. ಪ್ಲ್ಯಾನ್ 300 ಎಂಬಿಪಿಎಸ್. ಕಂಪನಿಯವರು ಕೊಟ್ಟ ಒಂದೇ ರೂಟರ್ ಇದ್ದಾಗ ಹಾಲಿನಲ್ಲಿ ಅಷ್ಟೂ ಸಿಗುತ್ತಿತ್ತು, ನನ್ನ ಕೋಣೆಯಲ್ಲಿ 30 ದಾಟಿದರೆ ಹೆಚ್ಚು. ವೈಫೈಗೆ ಎರಡು ಬ್ಯಾಂಡು, ಅಂದರೆ ತರಂಗ ಪಟ್ಟಿ: 5 ಗಿಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್. ಸ್ಲ್ಯಾಬಿನೊಳಗಿನ ಕಂಬಿ ಮತ್ತು ಕಾಂಕ್ರೀಟು 5 ಗಿಗಾಹರ್ಟ್ಸ್ ಸಿಗ್ನಲನ್ನು ಚೆನ್ನಾಗಿಯೇ ತಡೆಯುತ್ತವೆ. 2.4 ಗಿಗಾಹರ್ಟ್ಸ್ ಮೇಲಿನವರೆಗೆ ಬರುತ್ತದೆ ನಿಜ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಬ್ಯಾಂಡಿನೊಳಗಿನ ದಾರಿಗಳು) ಇರುವುದೇ ಮೂರು: 1, 6, 11. ಅಕ್ಕಪಕ್ಕದ ಎಲ್ಲ ಮನೆಗಳ ರೂಟರುಗಳೂ ಆ ಮೂರರಲ್ಲೇ ಕಿಕ್ಕಿರಿದಿರುತ್ತವೆ.

ಡಬ್ಬದ ಮೇಲೆ ಎಎಕ್ಸ್3000 ಎಂದಿದೆ. 5 ಗಿಗಾಹರ್ಟ್ಸಿನ 2402 ಎಂಬಿಪಿಎಸ್ ಮತ್ತು 2.4 ಗಿಗಾಹರ್ಟ್ಸಿನ 574 ಎಂಬಿಪಿಎಸ್, ಎರಡನ್ನೂ ಕೂಡಿಸಿ ದುಂಡಗೆ ಮಾಡಿದ ಸಂಖ್ಯೆ ಅದು. ಯಾವ ಫೋನಿಗೂ ಈ ಎರಡರ ಮೊತ್ತ ಸಿಗುವುದಿಲ್ಲ. 2402 ಬೇಕಿದ್ದರೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು, ಬಹಳಷ್ಟು ಫೋನುಗಳು 5 ಗಿಗಾಹರ್ಟ್ಸಿನಲ್ಲಿ 80 ಮೆಗಾಹರ್ಟ್ಸಿಗೇ ನಿಲ್ಲುತ್ತವೆ. ಅಲ್ಲಿಗೆ ಫೋನು ಮತ್ತು ಪೆಟ್ಟಿಗೆಯ ನಡುವಿನ ಲಿಂಕ್ ವೇಗ 1201, ಕೈಗೆ ಬರುವುದು ಅದರ ಅರ್ಧ ಅಥವಾ ಸ್ವಲ್ಪ ಹೆಚ್ಚು. ಅದರ ಮೇಲೆ ಇದರ ಪೋರ್ಟುಗಳು ಗಿಗಾಬಿಟ್‌ನವು, ಅಂದರೆ ವೈರಿನಲ್ಲಿ 940ರ ಆಸುಪಾಸಿಗೆ ಮಿತಿ. 300ರ ಪ್ಲ್ಯಾನಿಗೆ ಇಷ್ಟು ಧಾರಾಳವಾಯಿತು.

ನಿಜವಾಗಿ ಲೆಕ್ಕಕ್ಕೆ ಬರುವುದು ಒಂದು ಘಟಕದಿಂದ ಇನ್ನೊಂದಕ್ಕೆ ಡೇಟಾ ಹೇಗೆ ಹೋಗುತ್ತದೆ ಎಂಬುದು. ಇದಕ್ಕೆ ಬ್ಯಾಕ್‌ಹಾಲ್ ಎನ್ನುತ್ತಾರೆ. ಎಕ್ಸ್50 ಎರಡು ಬ್ಯಾಂಡಿನ ಯಂತ್ರ, ಘಟಕಗಳ ನಡುವಿನ ಮಾತಿಗೆಂದೇ ಪ್ರತ್ಯೇಕ ರೇಡಿಯೊ ಇದರಲ್ಲಿಲ್ಲ. ಮೇಲಿನ ಘಟಕ ಕೆಳಗಿನಿಂದ ಡೇಟಾ ತರಿಸಿಕೊಳ್ಳುವುದೂ ಅದೇ 5 ಗಿಗಾಹರ್ಟ್ಸಿನಲ್ಲಿ, ನನ್ನ ಲ್ಯಾಪ್‌ಟಾಪಿಗೆ ಕೊಡುವುದೂ ಅದರಲ್ಲೇ. ಒಂದೇ ಚಾನೆಲಿನ ಸಮಯ ಎರಡು ಕಡೆಗೆ ಹಂಚಿಹೋಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಸ್ಲ್ಯಾಬಿನ ನಷ್ಟ ಬೇರೆ. ವೈರಿಲ್ಲದೆ ಇಟ್ಟಾಗ ನನ್ನ ಕೋಣೆಯಲ್ಲಿ 120ರಿಂದ 150 ಬರುತ್ತಿತ್ತು. ಇಂಥ ಕಡೆ ಅಂಗಡಿಯವರು ಮೂರನೇ ಘಟಕ ಸೇರಿಸಿ ಎನ್ನುತ್ತಾರೆ. ಅದು ಮೊದಲೆರಡರ ಹಿಂದೆ ಸಾಲಾಗಿ ನಿಂತರೆ ಡೇಟಾ ಗಾಳಿಯಲ್ಲಿ ಇನ್ನೊಂದು ಜಿಗಿತ ಜಿಗಿಯಬೇಕು. ಸಿಗ್ನಲ್ ಕಡ್ಡಿಗಳು ತುಂಬಿ ಕಾಣುತ್ತವೆ, ವೇಗ ಮತ್ತೂ ತಗ್ಗುತ್ತದೆ.

ನಾವು ಮಾಡಿದ್ದು ಎರಡು ಘಟಕಗಳ ನಡುವೆ ಕ್ಯಾಟ್6 ಎಂಬ ಎಂಟೆಳೆಯ ನೆಟ್‌ವರ್ಕ್ ವೈರ್ ಎಳೆಸಿದ್ದು. ಗೋಡೆ ಒಡೆಯಬೇಕಾಗುತ್ತದೇನೋ ಎಂಬ ಚಿಂತೆ ಇತ್ತು. ಬಂದ ಎಲೆಕ್ಟ್ರೀಷಿಯನ್ ಹುಡುಗ ಟಿವಿ ಹಿಂದಿನ ಬಾಕ್ಸ್ ಬಿಚ್ಚಿ ನೋಡಿದವನೇ, "ಅಕ್ಕಾ, ಹಳೇ ಡಿಶ್ ವೈರ್ ಹಂಗೇ ಇದೆಯಲ್ಲ, ಅದರ ತುದಿಗೇ ಇದನ್ನ ಕಟ್ಟಿ ಮೇಲಿಂದ ಎಳೆದ್ಬಿಡೋಣ" ಅಂದ. ಹಾಗೆಯೇ ಆಯಿತು. ಡಿಶ್ ವೈರಿನ ತುದಿ ಸುಲಿದು, ಕ್ಯಾಟ್6 ತುದಿಯನ್ನು ಅದಕ್ಕೆ ಸುತ್ತಿ, ಮೇಲೆ ನುಣುಪಾಗಿ ಟೇಪ್ ಹಾಕಿದ. ಅವನು ಮೇಲಿಂದ ಎಳೆಯುತ್ತ ಹೋದ, ನಾನು ಕೆಳಗೆ ವೈರ್ ಮಡಚಿಕೊಳ್ಳದಂತೆ ಬಿಡುತ್ತ ಹೋದೆ. ನಮ್ಮ ಊರುಗಳಲ್ಲಿ ಹದಿನೈದು ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಟಿವಿ ಪೈಪು ಹೀಗೇ ಸುಮ್ಮನೆ ಬಿದ್ದಿರುತ್ತದೆ, ಮೊದಲು ಅದನ್ನು ಹುಡುಕಿ. ಕರೆಂಟಿನ ವೈರ್ ಹೋಗುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಲು ಬಿಡಬೇಡಿ. ಸಿಗ್ನಲ್ ಕೆಡುವುದು ಹಾಗಿರಲಿ, ಜೀವಕ್ಕೇ ಅಪಾಯ.

ವೈರ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ ತನ್ನಿ. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗಕ್ಕೆ ಸಿಗುತ್ತದೆ, ಬಾಗಿಸಿದರೆ ಒಳಗೇ ಮುರಿಯುತ್ತದೆ. ತುದಿಗೆ ಪ್ಲಗ್ ಹಾಕುವಾಗ ಬಣ್ಣಗಳ ಕ್ರಮ ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಪ್ಲಗ್ಗಿನ ಚಿನ್ನದ ಹಲ್ಲುಗಳು ಮೇಲ್ಮುಖವಾಗಿರಲಿ, ಎಂಟೂ ಎಳೆಗಳು ತುದಿಗೆ ಮುಟ್ಟಿದ್ದು ಪ್ಲಾಸ್ಟಿಕ್ಕಿನಾಚೆ ಕಾಣಬೇಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಸರಿಯಾಗಿ ಕೂರದಿದ್ದರೆ ಲಿಂಕ್ ಕಡಿದುಹೋಗುವ ಬದಲು ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ನೆಟ್ ಬರುತ್ತಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 94ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಪ್ಲಗ್ ಕತ್ತರಿಸಿ ಹೊಸದು ಹಾಕಿಸಿ.

ಡೆಕೊಗೆ ವೈರ್ ಚುಚ್ಚಿದ ಮೇಲೆ ಬೇರೇನೂ ಮಾಡಬೇಕಿಲ್ಲ. ಯಾವ ಪೋರ್ಟಾದರೂ ಸರಿ, ಅದೇ ಗುರುತಿಸಿಕೊಳ್ಳುತ್ತದೆ. ಆ್ಯಪಿನಲ್ಲಿ ಮೇಲಿನ ಘಟಕದ ವಿವರ ತೆರೆದು, ಸಂಪರ್ಕ ಈಥರ್ನೆಟ್ (ಅಂದರೆ ವೈರ್) ಮೂಲಕ ಎಂದು ತೋರಿಸುತ್ತಿದೆಯಾ ನೋಡಿಕೊಳ್ಳಿ. ಅಂದಿನಿಂದ ನನ್ನ ಕೋಣೆಯಲ್ಲಿ ಪ್ಲ್ಯಾನಿನ 300ಕ್ಕೆ 300 ಬರುತ್ತಿದೆ. ಮಗಳ ಕ್ಲಾಸು, ನನ್ನ ಮೀಟಿಂಗು, ಕೆಳಗೆ ಅತ್ತೆಯವರ ಧಾರಾವಾಹಿ ಮೂರೂ ಒಟ್ಟಿಗೆ ನಡೆದರೂ ಯಾರ ಚಿತ್ರವೂ ನಿಲ್ಲುವುದಿಲ್ಲ. ಈ ನೆಮ್ಮದಿಗೆ ನಾನು ಕೊಟ್ಟ ಹಣ ಸಾರ್ಥಕ ಅನಿಸಿದೆ.

ಇನ್ನು ಫೈಬರ್ ಕಂಪನಿಯ ಪೆಟ್ಟಿಗೆಯ ವಿಷಯ. ಅದೂ ರೂಟರ್, ಡೆಕೊ ಕೂಡ ರೂಟರ್ ಆದರೆ ಮನೆಯ ಸಾಧನಗಳ ಇಂಟರ್ನೆಟ್ ವಿಳಾಸ ಎರಡೆರಡು ಸಲ ಬದಲಾಗುತ್ತದೆ. ಸಿನಿಮಾ ನೋಡುವವರಿಗೆ ಗೊತ್ತಾಗದು, ಆಟ ಆಡುವವರಿಗೆ, ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವವರಿಗೆ ತೊಡಕು. ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ನೆಟ್ ದಾಟಿಸುವುದಷ್ಟೇ) ಹಾಕಿಕೊಡಿ ಎಂದು ಕೇಳಿದರೆ ನಮ್ಮ ಕಂಪನಿಯವರು ವಾರಗಟ್ಟಲೆ ಅಲೆದಾಡಿಸಿದರು, ಗಿರಾಕಿಗೆ ಹೀಗೆ ಮಾಡುವುದು ಸರಿಯಲ್ಲ. ನಿಮಗೂ ಆಗದಿದ್ದರೆ ಡೆಕೊವನ್ನೇ ಆಕ್ಸೆಸ್ ಪಾಯಿಂಟ್ ಮೋಡಿಗೆ (ವೈಫೈ ಹರಡುವುದಷ್ಟೇ) ಹಾಕಿ, ಹಳೆ ಪೆಟ್ಟಿಗೆಯ ವೈಫೈ ಆಫ್ ಮಾಡಿ. ವೇಗಕ್ಕೆ ಕೊರತೆಯಿಲ್ಲ, ಆದರೆ ಮಕ್ಕಳ ಬಳಕೆಗೆ ಸಮಯ ಗೊತ್ತುಮಾಡುವಂಥ ಸೌಲಭ್ಯಗಳು ಆ ಮೋಡಿನಲ್ಲಿ ಸಿಗುವುದಿಲ್ಲ.

ಮೆಟ್ಟಿಲು ಹತ್ತುತ್ತ ವಾಟ್ಸ್ಆ್ಯಪ್ ಕರೆಯಲ್ಲಿ ಮಾತಾಡಿದರೆ ಈಗ ಕಡಿಯುವುದಿಲ್ಲ. ಫೋನನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಬೇಗ ದಾಟಿಸುವ ಫಾಸ್ಟ್ ರೋಮಿಂಗ್ ಆನ್ ಮಾಡಿದ್ದೇನೆ. ಹಳೆಯ ಪ್ರಿಂಟರ್, ಸ್ಮಾರ್ಟ್ ಬಲ್ಬ್ ಇರುವವರು ಅವುಗಳಿಗೆ 2.4 ಗಿಗಾಹರ್ಟ್ಸಿನದೇ ಬೇರೆ ಹೆಸರಿನ ನೆಟ್‌ವರ್ಕ್ ಕೊಟ್ಟರೆ ರಗಳೆ ಕಡಿಮೆ.

ಕರೆಂಟ್ ವಿಚಾರ ಮರೆಯಬೇಡಿ. ಇನ್ವರ್ಟರ್ ಇದ್ದರೂ ಕೆಲವದರಲ್ಲಿ ಬದಲಾಗುವ ಆ ಕ್ಷಣಕ್ಕೆ ಪೆಟ್ಟಿಗೆಗಳು ರೀಸ್ಟಾರ್ಟ್ ಆಗಿ, ಮತ್ತೆ ಎದ್ದು ನಿಲ್ಲಲು ನಿಮಿಷಗಳೇ ಬೇಕು. ನಾನು ಕೆಳಗಿನ ಫೈಬರ್ ಪೆಟ್ಟಿಗೆ, ಡೆಕೊ ಎರಡಕ್ಕೂ ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ಹಾಕಿದ್ದೇನೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ವೋಲ್ಟ್ ಮತ್ತು ಆಂಪ್ ಓದಿ, ಯುಪಿಎಸ್ ಅಷ್ಟು ಕೊಡುತ್ತದೆಯೇ ಎಂದು ಹೋಲಿಸಿ. ಮೇಲಿನ ಘಟಕ ಚುಚ್ಚಿದ ಪ್ಲಗ್ ಪಾಯಿಂಟ್ ಕೂಡ ಇನ್ವರ್ಟರ್ ಲೈನಿನಲ್ಲಿದೆಯಾ ನೋಡಿ. ಕೆಳಗಷ್ಟೇ ನೆಟ್ ಉಳಿದರೆ ಮೇಲಿನವರಿಗೆ ಪ್ರಯೋಜನವಿಲ್ಲ.

ಬಾಡಿಗೆ ಮನೆಯಲ್ಲಿದ್ದು ವೈರ್ ಎಳೆಯಲಾಗದವರು ಎರಡನೇ ಘಟಕವನ್ನು ನೆಟ್ ಬಾರದ ಕೋಣೆಯೊಳಗೆ ಇಡಬೇಡಿ. ಅಲ್ಲಿಗೆ ಮೊದಲನೆಯದರ ಸಿಗ್ನಲೂ ಬರುವುದಿಲ್ಲವಲ್ಲ. ಮೆಟ್ಟಿಲ ತಿರುವಿನಲ್ಲಿ ಎದೆಯೆತ್ತರಕ್ಕೆ, ಕೆಳಗಿನ ಘಟಕಕ್ಕೆ ನೇರ ಕಾಣುವಂತೆ ಇಡಿ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ ಅಡ್ಡ ಬಾರದಿರಲಿ, ಟಿವಿ ಶೋಕೇಸಿನ ಬಾಗಿಲೊಳಗೆ ಮುಚ್ಚಿಡುವುದಂತೂ ಬೇಡ.